ಅವ್ವನ ಫೋನನ್ನು ರೂಟ್ ಮಾಡಬಹುದೇ?

ಪ್ರಶ್ನೆ: ನಮ್ಮದು ಇಳಕಲ್. ಮನೆಯಲ್ಲಿ ಎರಡು ಕೈಮಗ್ಗಗಳಿವೆ. ಅವ್ವ ಸೀರೆಗಳ ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತಾಳೆ. ಆರ್ಡರ್ ಬರುವುದೂ ಅದೇ ಫೋನಿಗೆ, ಹಣ ಬರುವುದೂ ಅದಕ್ಕೇ. 2020ರಲ್ಲಿ ಕೊಂಡ ಆಂಡ್ರಾಯ್ಡ್ ಫೋನ್ ಅದು, 3 ಜಿಬಿ ರ್‍ಯಾಮ್, 32 ಜಿಬಿ ಸ್ಟೋರೇಜ್. ಈಗ ಜಾಗ ತುಂಬಿದೆ ಎಂದು ಪದೇ ಪದೇ ಹೇಳುತ್ತದೆ. ಕಂಪನಿಯವರೇ ಹಾಕಿ ಕೊಟ್ಟ ಆ್ಯಪ್‌ಗಳನ್ನು ತೆಗೆಯಲು ಬರುವುದಿಲ್ಲ, ಎಲ್ಲೆಂದರಲ್ಲಿ ಜಾಹೀರಾತು, ಎರಡು ವರ್ಷದಿಂದ ಅಪ್‌ಡೇಟ್ ಬಂದಿಲ್ಲ. ಬಾಗಲಕೋಟೆಯಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಗೆಳೆಯ ‘ರೂಟ್ ಮಾಡಿಬಿಡು, ಎಲ್ಲ ಸರಿಹೋಗುತ್ತದೆ’ ಎನ್ನುತ್ತಾನೆ. ರೂಟ್ ಎಂದರೆ ಕಂಪನಿ ಕೊಡದ ಪೂರ್ತಿ ಅಧಿಕಾರವನ್ನು ಫೋನಿನ ಮೇಲೆ ಪಡೆಯುವುದಂತೆ. ನಮ್ಮ ಮಾವನ ಮಗ ತನ್ನ ಹಳೆಯ ಐಫೋನ್ ಎಕ್ಸ್ ಅನ್ನು ಜೈಲ್‌ಬ್ರೇಕ್ ಮಾಡಲು ಹೊರಟಿದ್ದಾನೆ, ಐಫೋನಿನಲ್ಲಿ ಅದೇ ಕೆಲಸಕ್ಕೆ ಈ ಹೆಸರಂತೆ. ಮಾಡಬಹುದೇ? ಪೊಲೀಸರ ತೊಂದರೆ ಏನಾದರೂ ಇದೆಯೇ?

ಉತ್ತರ: ಅವ್ವನ ಫೋನನ್ನು ಮುಟ್ಟಬೇಡಿ. ಪೊಲೀಸರ ತೊಂದರೆ ಇಲ್ಲ, ಬ್ಯಾಂಕಿನ ತೊಂದರೆ ಇದೆ. ಅವಸರದಲ್ಲಿದ್ದರೆ ಇಷ್ಟು ಓದಿ ಬಿಟ್ಟರೂ ನಡೆಯುತ್ತದೆ. ಆದರೆ ನಿಮ್ಮ ಗೆಳೆಯ ಪೂರ್ತಿ ತಪ್ಪು ಹೇಳುತ್ತಿಲ್ಲ. ಅವನ ಸಲಹೆ ಹತ್ತು ವರ್ಷ ಹಳೆಯದು, ಅಷ್ಟೇ. ಅದು ಏಕೆ ಹಳೆಯದಾಯಿತು ಎಂಬುದನ್ನು ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಾನು ಬೆಳಗಾವಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟ ಹೊಸತರಲ್ಲಿ ನನ್ನ ಕೈಯಲ್ಲಿದ್ದದ್ದು ಆಂಡ್ರಾಯ್ಡ್ 2.3ರ ಒಂದು ಫೋನ್. ಅದರಲ್ಲಿ ಕನ್ನಡ ಕಾಣುತ್ತಿರಲಿಲ್ಲ. ಪತ್ರಿಕೆಯ ಜಾಲತಾಣ ತೆರೆದರೆ ಸಾಲು ಸಾಲಾಗಿ ಖಾಲಿ ಚೌಕಗಳು. ಕನ್ನಡದ ಫಾಂಟ್ ಕಡತವನ್ನು ಫೋನಿನ ಸಿಸ್ಟಮ್ ಫೋಲ್ಡರಿನೊಳಗೆ ಇಡಬೇಕಿತ್ತು, ಅಲ್ಲಿಗೆ ಕೈ ಹಾಕಲು ರೂಟ್ ಬೇಕಿತ್ತು. ಒಂದು ರಾತ್ರಿ ಕುಳಿತು ಮಾಡಿದೆ. ಚೌಕಗಳು ಹೋಗಿ ಅಕ್ಷರಗಳು ಬಂದವು, ಆದರೆ ಅಕ್ಷರಗಳನ್ನು ಜೋಡಿಸುವ ವಿದ್ಯೆ ಫೋನಿಗೆ ಗೊತ್ತಿರಲಿಲ್ಲ. ಒತ್ತುಗಳು ಕೆಳಗಿಳಿಯದೆ ಪಕ್ಕದಲ್ಲೇ ನಿಂತಿದ್ದವು. ನಮ್ಮ ಚನ್ನಮ್ಮ ವೃತ್ತ ‘ಚನ್‌ನಮ್‌ಮ ವೃತ್‌ತ’ ಆಗಿತ್ತು. ಆದರೂ ಆ ರಾತ್ರಿ ಎಷ್ಟು ಖುಷಿಯಾಗಿತ್ತೆಂದರೆ, ಮಾರನೆಯ ದಿನ ಅಂಗಡಿಗೆ ಬಂದವರಿಗೆಲ್ಲ ಕರೆದು ಕರೆದು ತೋರಿಸಿದೆ. ಮುಂದೆ ಒಂದು ವರ್ಷ ‘ಕನ್ನಡ ಹಾಕಿಕೊಡಿ’ ಎಂದು ಬಂದವರ ಫೋನ್‌ಗಳನ್ನು ರೂಟ್ ಮಾಡುವುದೇ ನನ್ನ ಅರ್ಧ ಕೆಲಸವಾಗಿತ್ತು.

2012ರಲ್ಲಿ ಆಂಡ್ರಾಯ್ಡ್ 4.1 ಬಂದಾಗ ಕನ್ನಡ, ತೆಲುಗು, ಮಲಯಾಳಂ ಮೂರೂ ವ್ಯವಸ್ಥೆಯ ಒಳಗೇ ಸೇರಿದವು. ನನ್ನ ಆ ವ್ಯಾಪಾರ ನಿಂತಿತು, ನಿಂತದ್ದು ಒಳ್ಳೆಯದೇ ಆಯಿತು. ಅದಾದ ಮೇಲೆ ರೂಟ್ ಮಾಡಲು ಇದ್ದ ಕಾರಣಗಳೆಲ್ಲ ಒಂದೊಂದಾಗಿ ಹೀಗೇ ಕಳಚಿದವು. ಜಾಹೀರಾತು ತಡೆಯಲು ಬೇಕಾದ ಖಾಸಗಿ ಡಿಎನ್‌ಎಸ್ (ಜಾಲತಾಣದ ಹೆಸರಿನಿಂದ ಅದರ ವಿಳಾಸ ಹುಡುಕಿಕೊಡುವ ಸೇವೆಯನ್ನು ನಾವೇ ಆರಿಸಿಕೊಳ್ಳುವ ಸೌಲಭ್ಯ) 2018ರ ಆಂಡ್ರಾಯ್ಡ್ 9ರಲ್ಲಿ ಬಂತು. ಇಡೀ ಫೋನಿಗೆ ಕಪ್ಪು ಹಿನ್ನೆಲೆ 2019ರಲ್ಲಿ, ಪರದೆಯನ್ನು ವಿಡಿಯೊ ಮಾಡಿಕೊಳ್ಳುವ ಸೌಲಭ್ಯ 2020ರಲ್ಲಿ. ಒಂದು ಕಡೆ ಕಾರಣಗಳು ಕಡಿಮೆಯಾದವು. ಇನ್ನೊಂದು ಕಡೆ, ಹಾಡು ಕೇಳಲು ಮತ್ತು ಮಾತನಾಡಲು ಇದ್ದ ಫೋನ್ ಮನೆಯ ಹಣದ ಪೆಟ್ಟಿಗೆಯಾಯಿತು. ನಿಮ್ಮ ಗೆಳೆಯ ಲೆಕ್ಕಕ್ಕೆ ಹಿಡಿಯದೆ ಬಿಟ್ಟದ್ದು ಇದನ್ನೇ.

ರೂಟ್ ಎಂದರೆ ಏನು ಎಂಬುದನ್ನು ಸರಿಯಾಗಿ ತಿಳಿದುಕೊಳ್ಳಿ. ಆಂಡ್ರಾಯ್ಡ್‌ನ ತಳದಲ್ಲಿರುವುದು ಲಿನಕ್ಸ್. ಅದರಲ್ಲಿ ಪ್ರತಿಯೊಂದು ಆ್ಯಪ್‌ಗೂ ಒಂದು ಬಳಕೆದಾರ ಸಂಖ್ಯೆ ಇರುತ್ತದೆ, ಅದು 10000ದಿಂದ ಮೇಲಕ್ಕೆ. ನಮ್ಮ ಕಡೆಯ ಹಳೆಯ ವಾಡೆಯನ್ನು ನೆನಪಿಸಿಕೊಳ್ಳಿ. ಒಂದೇ ಹೆಬ್ಬಾಗಿಲು, ಸುತ್ತಲೂ ಕೋಣೆಗಳು, ಕೋಣೆಗೊಂದು ಬೀಗ. ಹಣದ ಆ್ಯಪ್‌ನ ಕೋಣೆಯಲ್ಲಿ ಏನಿದೆ ಎಂಬುದು ಆಟದ ಆ್ಯಪ್‌ಗೆ ಕಾಣುವುದಿಲ್ಲ. ಎಲ್ಲ ಕೋಣೆಗಳ ಕೀಲಿಕೈ ಗೊಂಚಲು ಸಂಖ್ಯೆ 0 ಎಂಬ ಒಬ್ಬನ ಸೊಂಟದಲ್ಲಿರುತ್ತದೆ. ಅವನೇ ರೂಟ್. ಫೋನ್ ಮಾರುವಾಗ ಕಂಪನಿ ಆ ಗೊಂಚಲನ್ನು ನಮಗೆ ಕೊಡುವುದಿಲ್ಲ. ದುಡ್ಡು ಕೊಟ್ಟು ಕೊಂಡ ವಸ್ತುವಿನ ಕೀಲಿಕೈ ನನ್ನ ಬಳಿ ಇಲ್ಲ ಎಂಬ ಸಿಟ್ಟು ನ್ಯಾಯವಾದದ್ದೇ, ನನಗೂ ಅದು ಇದೆ. ಆದರೆ ಗೊಂಚಲು ನಿಮ್ಮ ಕೈಗೆ ಬಂದ ದಿನ, ಅದನ್ನು ನಿಮ್ಮಿಂದ ಕಸಿದುಕೊಳ್ಳುವವನಿಗೂ ಎಲ್ಲ ಬಾಗಿಲುಗಳು ಒಂದೇ ಬಾರಿಗೆ ತೆರೆಯುತ್ತವೆ.

ಮಾಡುವ ಕ್ರಮವನ್ನು ಚಿಕ್ಕದಾಗಿ ಹೇಳುತ್ತೇನೆ. ‘ಫೋನ್ ಕುರಿತು’ ಎಂಬಲ್ಲಿ ಬಿಲ್ಡ್ ಸಂಖ್ಯೆಯನ್ನು ಏಳು ಬಾರಿ ಒತ್ತಿದರೆ ಡೆವಲಪರ್ ಆಯ್ಕೆಗಳು ತೆರೆಯುತ್ತವೆ. ಅಲ್ಲಿ ಒಇಎಂ ಅನ್‌ಲಾಕ್ (ಕಂಪನಿಯ ಬೀಗ ತೆಗೆಯಲು ಅನುಮತಿ) ಆನ್ ಮಾಡಿ, ಕಂಪ್ಯೂಟರ್‌ಗೆ ಜೋಡಿಸಿ, ಫೋನ್ ಚಾಲೂ ಆಗುವಾಗ ಮೊದಲು ಓಡುವ ಬೂಟ್‌ಲೋಡರ್ ಎಂಬ ತಂತ್ರಾಂಶದ ಬೀಗ ತೆಗೆಯಬೇಕು. ಬೀಗ ತೆಗೆದ ಕ್ಷಣ ಫೋನ್ ತನ್ನೊಳಗಿನ ಎಲ್ಲವನ್ನೂ ಅಳಿಸಿಹಾಕುತ್ತದೆ. ಇದು ದೋಷವಲ್ಲ. ಕದ್ದವನು ಬೀಗ ಒಡೆದು ಒಳಗಿನ ಫೋಟೊ, ಪತ್ರಗಳನ್ನು ಓದದಿರಲಿ ಎಂದು ಬೇಕೆಂದೇ ಹಾಗೆ ಮಾಡಿದ್ದಾರೆ. ಅವ್ವನ ಸೀರೆಗಳ ಫೋಟೊ, ಯಾರು ಎಷ್ಟು ಮುಂಗಡ ಕೊಟ್ಟಿದ್ದಾರೆ ಎಂಬ ಸಂದೇಶ ಎಲ್ಲವೂ ಆ ಕ್ಷಣಕ್ಕೇ ಹೋಗುತ್ತವೆ. ಆಮೇಲೆ ಫೋನಿನ ಬೂಟ್ ಕಡತವನ್ನು (ಬೂಟ್‌ಲೋಡರ್ ಆದ ಮೇಲೆ ವ್ಯವಸ್ಥೆಯನ್ನು ಚಾಲೂ ಮಾಡುವ ಭಾಗ) ಮ್ಯಾಜಿಸ್ಕ್ ಎಂಬ ಉಪಕರಣದಿಂದ ತಿದ್ದಿ ಮರಳಿ ಹಾಕಬೇಕು. 2016ರಿಂದ ಇರುವ ಮ್ಯಾಜಿಸ್ಕ್ ಒಳ್ಳೆಯ ಉಪಕರಣ, ಅದರ ಮೂಲ ಸಂಕೇತ ಎಲ್ಲರೂ ಓದುವಂತೆ ತೆರೆದಿದೆ.

ಎಲ್ಲ ಕಂಪನಿಗಳೂ ಬೀಗ ತೆಗೆಯಲು ಬಿಡುವುದಿಲ್ಲ. ಗೂಗಲ್ ಪಿಕ್ಸೆಲ್ ಸುಲಭ, ಮೊಟೊರೊಲಾ ಹಲವು ಮಾದರಿಗಳಿಗೆ ಸಂಕೇತ ಕೊಡುತ್ತದೆ, ಶಿಯೋಮಿಯಲ್ಲಿ ಖಾತೆ ಜೋಡಿಸಿ ದಿನಗಟ್ಟಲೆ ಕಾಯಿಸುತ್ತಾರೆ, ವಿವೊ ಆ ದಾರಿಯನ್ನೇ ಇಟ್ಟಿಲ್ಲ. ಸ್ಯಾಮ್‌ಸಂಗ್‌ನದು ಬೇರೆಯೇ ಕಥೆ. ಅದರ ಫೋನ್‌ಗಳಲ್ಲಿ ನಾಕ್ಸ್ ಎಂಬ ಭದ್ರತಾ ವ್ಯವಸ್ಥೆಗೆ ಚಿಪ್‌ನೊಳಗೇ ಒಂದು ಫ್ಯೂಸ್ ಇದೆ. ಕಂಪನಿಯದಲ್ಲದ ತಂತ್ರಾಂಶ ಹಾಕಿದರೆ ಆ ಫ್ಯೂಸ್ ಸುಡುತ್ತದೆ. ಮರಳಿ ಕಂಪನಿಯ ತಂತ್ರಾಂಶವನ್ನೇ ಹಾಕಿದರೂ ಫ್ಯೂಸ್ ಕೂಡುವುದಿಲ್ಲ, ಸೆಕ್ಯೂರ್ ಫೋಲ್ಡರ್‌ನಂಥ ಸೌಲಭ್ಯಗಳು ಆ ಫೋನಿನಲ್ಲಿ ಮತ್ತೆ ಬರುವುದಿಲ್ಲ. ಇಂಥ ಫೋನ್‌ಗಳನ್ನು ತಂದು ‘ಹಳೆಯ ಸ್ಥಿತಿಗೆ ತನ್ನಿ’ ಎನ್ನುವವರಿಗೆ ನಾನು ಚಹಾ ಕುಡಿಸಿ ಕಳಿಸುತ್ತೇನೆ. ಅದಕ್ಕಿಂತ ಹೆಚ್ಚಿನದೇನೂ ನನ್ನ ಕೈಯಲ್ಲಿಲ್ಲ.

ಇನ್ನು ಬ್ಯಾಂಕಿನ ವಿಷಯ. ನೀವು ಇಳಕಲ್ಲಿನವರು, ಕೊಂಡಿ ಹಾಕುವುದು ಏನೆಂದು ನಿಮಗೆ ನಾನು ಹೇಳಬೇಕಿಲ್ಲ. ಸೀರೆಯ ಮೈ ಹಾಸಿನ ಒಂದೊಂದು ಎಳೆಯನ್ನೂ ಸೆರಗಿನ ಹಾಸಿನ ಎಳೆಗೆ ಕೊಂಡಿಯಾಗಿ ಸೇರಿಸುತ್ತಾರೆ. ಫೋನ್ ಚಾಲೂ ಆಗುವಾಗಲೂ ಹೀಗೇ ನಡೆಯುತ್ತದೆ. ಚಿಪ್ ಬೂಟ್‌ಲೋಡರ್‌ನ ಸಹಿಯನ್ನು ಪರೀಕ್ಷಿಸುತ್ತದೆ, ಬೂಟ್‌ಲೋಡರ್ ಬೂಟ್ ಕಡತವನ್ನು, ಅದು ಮುಂದಿನ ಸಿಸ್ಟಮ್ ಭಾಗವನ್ನು. ಬೀಗ ತೆಗೆದ ಫೋನಿನಲ್ಲಿ ಒಂದು ಕೊಂಡಿ ಬಿಚ್ಚಿರುತ್ತದೆ. ಪ್ರತಿ ಬಾರಿ ಆನ್ ಮಾಡಿದಾಗಲೂ ಪರದೆಯ ಮೇಲೆ ಎಚ್ಚರಿಕೆ ಬರುತ್ತದೆ. ಅದು ನಿಮಗೆ ಮಾತ್ರ ಕಾಣುವ ಎಚ್ಚರಿಕೆಯಲ್ಲ. ಹಣದ ಆ್ಯಪ್ ಗೂಗಲ್‌ನ ಪ್ಲೇ ಇಂಟೆಗ್ರಿಟಿ ಎಂಬ ವ್ಯವಸ್ಥೆಯ ಮೂಲಕ ‘ಈ ಫೋನ್ ಕಂಪನಿಯಿಂದ ಹೊರಬಿದ್ದಂತೆಯೇ ಇದೆಯೇ’ ಎಂದು ಕೇಳಬಲ್ಲದು. ಇಲ್ಲ ಎಂಬ ಉತ್ತರ ಬಂದರೆ ತೆರೆದುಕೊಳ್ಳುವುದೋ ಬಿಡುವುದೋ ಆ ಆ್ಯಪ್ ಮಾಡಿದವರ ಇಷ್ಟ. ಕೆಲವು ತೆರೆಯುತ್ತವೆ, ಕೆಲವು ಒಂದು ಸಾಲಿನ ನೋಟಿಸ್ ತೋರಿಸಿ ಮುಚ್ಚಿಕೊಳ್ಳುತ್ತವೆ.

ಇದನ್ನು ಮರೆಮಾಚುವ ಉಪಾಯಗಳಿವೆ, ನಿಮ್ಮ ಗೆಳೆಯನಿಗೆ ಅವು ಗೊತ್ತಿರುತ್ತವೆ. ಅವನು ಹೇಳದೆ ಬಿಡುವ ಮಾತೆಂದರೆ, ಅವು ಯಾವ ದಿನದವರೆಗೆ ನಡೆಯುತ್ತವೆ ಎಂದು ಯಾರೂ ಹೇಳಲಾರರು ಎಂಬುದು. 2025ರ ಮೇ ನಂತರ ಆಂಡ್ರಾಯ್ಡ್ 13 ಮತ್ತು ಅದರ ಮೇಲಿನ ಫೋನ್‌ಗಳಲ್ಲಿ ಗೂಗಲ್ ಈ ಪರೀಕ್ಷೆಗೆ ಚಿಪ್‌ನೊಳಗಿನ ಕೀಲಿಯ ಸಹಿಯನ್ನೇ ಕೇಳುತ್ತಿದೆ, ತಂತ್ರಾಂಶದ ಸುಳ್ಳು ಅಲ್ಲಿ ಸುಲಭಕ್ಕೆ ನಡೆಯುವುದಿಲ್ಲ. ವಿಜಯಪುರದ ಒಬ್ಬ ಒಣದ್ರಾಕ್ಷಿ ವ್ಯಾಪಾರಿ ಸಂಬಂಧಿಕರ ಮನೆಗೆ ಬೆಳಗಾವಿಗೆ ಬಂದವರು ನನ್ನ ಅಂಗಡಿಗೆ ಬಂದಿದ್ದರು. ಮಗ ರೂಟ್ ಮಾಡಿ ಎರಡು ತಿಂಗಳು ಎಲ್ಲವೂ ಚೆನ್ನಾಗಿಯೇ ನಡೆದಿತ್ತಂತೆ. ಒಂದು ಬೆಳಿಗ್ಗೆ ಮಾಲು ಲಾರಿಗೆ ಏರಿದೆ, ಹಮಾಲರು ಕೂಲಿಗೆ ನಿಂತಿದ್ದಾರೆ, ಹಣದ ಆ್ಯಪ್ ತೆರೆಯಲಿಲ್ಲ. ‘ಆ ಹೊತ್ತಿಗೆ ಮಗ ಕಾಲೇಜಿನಲ್ಲಿದ್ದ, ಫೋನೂ ಎತ್ತಲಿಲ್ಲ’ ಎಂದು ಅವರು ಹೇಳುವಾಗ ಧ್ವನಿಯಲ್ಲಿದ್ದ ಸಿಟ್ಟು ಫೋನಿನ ಮೇಲಿನದಾಗಿರಲಿಲ್ಲ. ನಿಮ್ಮ ಮನೆಯಲ್ಲಿ ಅಂಥ ಬೆಳಿಗ್ಗೆ ಬಂದರೆ ಮಗ್ಗದ ಮುಂದೆ ಕುಳಿತಿರುವವಳು ಅವ್ವ.

ಹಣ ಕಳೆದುಕೊಂಡರೆ ಏನು ಎಂಬುದನ್ನೂ ಯೋಚಿಸಿ. 2017ರ ಜುಲೈನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆಯಲ್ಲಿ, ಗ್ರಾಹಕರದೂ ಬ್ಯಾಂಕಿನದೂ ತಪ್ಪಿಲ್ಲದೆ ವಂಚನೆ ನಡೆದಾಗ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರ ಮೇಲೆ ಹೊರೆ ಇಲ್ಲ ಎಂದಿದೆ. ಗ್ರಾಹಕರದೇ ನಿರ್ಲಕ್ಷ್ಯವಾದರೆ ತಿಳಿಸುವವರೆಗಿನ ನಷ್ಟ ಅವರದೇ. ಬೀಗ ತೆಗೆದ ಫೋನಿನಲ್ಲಿ ವ್ಯವಹಾರ ಮಾಡುವುದೆಂದರೆ, ಆ ‘ನಿರ್ಲಕ್ಷ್ಯ’ ಎಂಬ ಪದವನ್ನು ನಾವೇ ಬರೆದು ಬ್ಯಾಂಕಿನವರ ಕೈಗೆ ಕೊಟ್ಟಂತೆ. (ರೂಟ್ ಇರಲಿ ಬಿಡಲಿ, ಹಣ ಹೋಯಿತೆಂದು ಗೊತ್ತಾದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಈ ಸಂಖ್ಯೆಯನ್ನು ಅವ್ವನ ಫೋನಿನಲ್ಲಿ ಇವತ್ತೇ ಉಳಿಸಿಡಿ.)

ಕೆಡುವ ಸಾಧ್ಯತೆಯನ್ನು ನನ್ನ ಅನುಭವದಿಂದಲೇ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ, ಜುಲೈ ತಿಂಗಳು, ಬೆಳಗಾವಿಯ ಮಳೆ ಹಿಡಿದರೆ ಬಿಡುವ ಜಾತಿಯದಲ್ಲ. ಒಬ್ಬ ಗ್ರಾಹಕರ ಫೋನಿಗೆ ತಂತ್ರಾಂಶ ಹಾಕುತ್ತಿದ್ದೆ. ಹಸಿರು ಪಟ್ಟಿ ಮುಕ್ಕಾಲು ದಾಟಿತ್ತು, ಕರೆಂಟ್ ಹೋಯಿತು. ಯುಪಿಎಸ್‌ನ ಬ್ಯಾಟರಿ ಸತ್ತು ಆರು ತಿಂಗಳಾಗಿತ್ತು, ಬದಲಿಸೋಣ ಬದಲಿಸೋಣ ಎಂದುಕೊಂಡೇ ಇದ್ದೆ. ಬರೆಯುತ್ತಿದ್ದದ್ದು ಬೂಟ್‌ಲೋಡರ್ ಭಾಗವನ್ನೇ. ಕರೆಂಟ್ ಬಂದ ಮೇಲೆ ಫೋನ್ ಎಷ್ಟು ಒತ್ತಿದರೂ ಪರದೆ ಕಪ್ಪು, ಚಾರ್ಜರ್ ಹಾಕಿದರೆ ಮಿಂಚಿಲ್ಲ, ನಡುಕವಿಲ್ಲ. ಕಂಪ್ಯೂಟರ್‌ಗೆ ಜೋಡಿಸಿದಾಗ ಮಾತ್ರ ಕ್ವಾಲ್‌ಕಾಮ್ ಎಂಬ ಹೆಸರಿನ ಮುಂದೆ 9008 ಎಂಬ ಅಂಕಿ ಕಂಡಿತು. ಚಿಪ್ ಇನ್ನೂ ಉಸಿರಾಡುತ್ತಿದೆ, ಉಳಿದದ್ದು ಯಾವುದೂ ಇಲ್ಲ ಎಂಬುದರ ಗುರುತು ಅದು. ಹಿಂಬದಿ ಬಿಚ್ಚಿ, ಬೋರ್ಡ್ ಮೇಲಿನ ಎರಡು ಸಣ್ಣ ಚುಕ್ಕೆಗಳನ್ನು ಚಿಮಟದಿಂದ ಕೂಡಿಸಿ, ಮೂರು ದಿನ ಹೆಣಗಿದೆ. ಎದ್ದಿತು, ಆದರೆ ಪ್ರತಿ ಫೋನಿಗೂ ಇರುವ ಗುರುತಿನ ಐಎಂಇಐ ಸಂಖ್ಯೆ ಅಳಿಸಿಹೋಗಿ ಸಿಮ್ ಹಿಡಿಯಲಿಲ್ಲ. ಕೊನೆಗೆ ನನ್ನ ದುಡ್ಡಿನಲ್ಲಿ ಬೇರೆ ಫೋನ್ ಕೊಡಿಸಿದೆ. ಗೊತ್ತಿರುವವನ ಕೈಯಲ್ಲೇ ಹೀಗಾಗುತ್ತದೆ. ವಿಡಿಯೊ ನೋಡಿಕೊಂಡು ಮಾಡುವವರು ನಿಮ್ಮ ಮಾದರಿಯದ್ದೇ, ಆದರೆ ಬೇರೆ ದೇಶದ ಕಡತವನ್ನು ಹಾಕುವುದುಂಟು. ಇರುವುದಕ್ಕಿಂತ ಹಳೆಯ ಆವೃತ್ತಿಯನ್ನು ಹಾಕುವುದೂ ಉಂಟು. ಹಿಂದಿನ ಆವೃತ್ತಿಗೆ ಇಳಿಯದಂತೆ ತಡೆ ಇರುವ ಫೋನ್ ಆಗಿದ್ದರೆ ಅಲ್ಲಿಗೆ ಅದರ ಕಥೆ ಮುಗಿಯಿತು.

‘ಒಂದೇ ಬಟನ್ ಒತ್ತಿ ರೂಟ್ ಮಾಡಿ’ ಎನ್ನುವ ಆ್ಯಪ್‌ಗಳ ಬಗ್ಗೆ ಒಂದೇ ಮಾತು: ಬೇಡ. ಅವು ಕೆಲಸ ಮಾಡುವುದು ಫೋನಿನ ಭದ್ರತೆಯಲ್ಲಿರುವ ತೂತನ್ನು ಹುಡುಕಿ ಒಳನುಗ್ಗಿ. ಕಳ್ಳ ಮಾಡುವುದೂ ಅದನ್ನೇ. ಒಳಗೆ ಹೋದ ಮೇಲೆ ಕೀಲಿಕೈ ಗೊಂಚಲನ್ನು ನಿಮಗೆ ಕೊಟ್ಟು ಅವು ಹೊರಬಂದಿವೆ ಎಂದು ನಂಬಲು ನಿಮ್ಮ ಬಳಿ ಯಾವ ಆಧಾರವೂ ಇರುವುದಿಲ್ಲ.

ಈಗ ನಿಮ್ಮ ನಿಜವಾದ ತೊಂದರೆಗಳಿಗೆ ಬರೋಣ. ಅವುಗಳಲ್ಲಿ ಒಂದಕ್ಕೂ ರೂಟ್ ಬೇಕಿಲ್ಲ ಎಂಬುದೇ ಇದರಲ್ಲಿ ತಮಾಷೆಯ ಸಂಗತಿ.

ಜಾಗದ ಮಾತು ಮೊದಲು. ಕಂಪನಿ ಹಾಕಿ ಕೊಟ್ಟ ಆ್ಯಪ್‌ಗಳು ಕೂತಿರುವುದು ಸಿಸ್ಟಮ್ ಭಾಗದಲ್ಲಿ, ಅವ್ವನ ಫೋಟೊಗಳು ಕೂತಿರುವುದು ಡೇಟಾ ಭಾಗದಲ್ಲಿ. ಎರಡರ ನಡುವೆ ಗೋಡೆ ಇದೆ. ರೂಟ್ ಮಾಡಿ ಆ ಆ್ಯಪ್‌ಗಳನ್ನು ಬೇರುಸಹಿತ ಕಿತ್ತರೂ ಖಾಲಿಯಾಗುವುದು ಗೋಡೆಯ ಆಚೆಯ ಕೋಣೆ. ಫೋಟೊ ಇಡಲು ಅಲ್ಲಿ ಒಂದು ಗೇಣು ಜಾಗವೂ ಸಿಗುವುದಿಲ್ಲ. ಆ ಆ್ಯಪ್‌ಗಳು ಅಪ್‌ಡೇಟ್ ಹೆಸರಿನಲ್ಲಿ ನಿಮ್ಮ ಕಡೆ ಚಾಚಿಕೊಂಡ ಭಾಗವನ್ನು ಮಾತ್ರ ಹಿಂದಕ್ಕೆ ಪಡೆಯಬಹುದು, ಅದಕ್ಕೆ ರೂಟ್ ಬೇಕಿಲ್ಲ. ಆ್ಯಪ್‌ನ ಮಾಹಿತಿಗೆ ಹೋಗಿ ಅಪ್‌ಡೇಟ್‌ಗಳನ್ನು ತೆಗೆದು ‘ನಿಷ್ಕ್ರಿಯಗೊಳಿಸಿ’ ಎಂದು ಒತ್ತಿದರೆ ಆಯಿತು. ಆ ಗುಂಡಿಯೇ ಮಂಕಾಗಿದ್ದರೆ ಡೆವಲಪರ್ ಆಯ್ಕೆಗಳಲ್ಲಿ ಯುಎಸ್‌ಬಿ ಡೀಬಗ್ಗಿಂಗ್ (ಕಂಪ್ಯೂಟರ್‌ನಿಂದ ಫೋನಿಗೆ ಆದೇಶ ಕೊಡುವ ಅನುಮತಿ) ಆನ್ ಮಾಡಿ, ಕಂಪ್ಯೂಟರ್‌ಗೆ ಜೋಡಿಸಿ, ಎಡಿಬಿ ಎಂಬ ಗೂಗಲ್‌ನದೇ ಉಪಕರಣದಿಂದ ಈ ಬಳಕೆದಾರರಿಗೆ ಮಾತ್ರ ಆ ಆ್ಯಪ್ ಬೇಡ ಎಂದು ಹೇಳಬಹುದು. ಮೂಲ ಪ್ರತಿ ಸಿಸ್ಟಮ್‌ನಲ್ಲೇ ಉಳಿಯುತ್ತದೆ, ಫ್ಯಾಕ್ಟರಿ ರೀಸೆಟ್ ಮಾಡಿದರೆ ಮರಳಿ ಬರುತ್ತದೆ, ಬೂಟ್‌ಲೋಡರ್‌ಗೆ ಏನೂ ಆಗುವುದಿಲ್ಲ, ಬ್ಯಾಂಕಿನ ಆ್ಯಪ್ ಮುನಿಸಿಕೊಳ್ಳುವುದಿಲ್ಲ. ಹೆಸರು ಗೊತ್ತಿಲ್ಲದ ಯಾವುದನ್ನೂ ತೆಗೆಯಬೇಡಿ. ಕೆಲವು ಫೋನ್‌ಗಳಲ್ಲಿ ಕಂಪನಿಯ ಸೆಕ್ಯುರಿಟಿ ಆ್ಯಪ್ ತೆಗೆದರೆ ಫೋನ್ ಆನ್ ಆಗುತ್ತಾ ಆಫ್ ಆಗುತ್ತಾ ಸುತ್ತು ಹೊಡೆಯುತ್ತದೆ. ಕೆಲಸ ಮುಗಿದ ಮೇಲೆ ಡೀಬಗ್ಗಿಂಗ್ ಆಫ್ ಮಾಡಲು ಮರೆಯಬೇಡಿ.

ನನ್ನನ್ನು ಕೇಳಿದರೆ ಅವ್ವನ ಫೋನಿನಲ್ಲಿ ಜಾಗ ತಿಂದಿರುವುದು ಆ ಆ್ಯಪ್‌ಗಳೇ ಅಲ್ಲ. ವಾಟ್ಸ್‌ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ಮತ್ತು ಡೇಟಾ ಎಂಬುದನ್ನು ತೆರೆಯಿರಿ. 5 ಎಂಬಿಗಿಂತ ದೊಡ್ಡ ಕಡತಗಳು, ಮೇಲಿಂದ ಮೇಲೆ ಫಾರ್ವರ್ಡ್ ಆಗಿ ಬಂದವು ಎಂದು ಅದೇ ವಿಂಗಡಿಸಿ ತೋರಿಸುತ್ತದೆ. ಗುಲಾಬಿ ಹೂವಿನ ಶುಭೋದಯ, ಹಬ್ಬದ ಶುಭಾಶಯದ ವಿಡಿಯೊ, ಯಾರದೋ ಮದುವೆಯ ಆಮಂತ್ರಣ. ಇಂಥದೇ ಒಂದು ಫೋನಿನಿಂದ ನಾನು ಒಮ್ಮೆ 9 ಜಿಬಿ ಹೊರಗೆ ಹಾಕಿದ್ದೇನೆ. ಗುಂಪುಗಳ ಫೋಟೊ, ವಿಡಿಯೊ ತಾನಾಗಿಯೇ ಡೌನ್‌ಲೋಡ್ ಆಗುವುದನ್ನು ನಿಲ್ಲಿಸಿ. ಸೀರೆಗಳ ಫೋಟೊ ಮಾತ್ರ ವ್ಯಾಪಾರದ ದಾಖಲೆ. ಅವನ್ನು ಮೆಮೊರಿ ಕಾರ್ಡ್‌ಗೋ ಪೆನ್‌ಡ್ರೈವ್‌ಗೋ ನಕಲು ಮಾಡಿ, ತೆರೆದು ನೋಡಿ ಖಾತ್ರಿಯಾದ ಮೇಲೆಯೇ ಫೋನಿನಿಂದ ಅಳಿಸಿ.

ಜಾಹೀರಾತಿಗೆ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಖಾಸಗಿ ಡಿಎನ್‌ಎಸ್ ಎಂಬಲ್ಲಿ ಜಾಹೀರಾತು ತಡೆಯುವ ಸೇವೆಯೊಂದರ ವಿಳಾಸ ಹಾಕಿ, ಆಡ್‌ಗಾರ್ಡ್ ಅದನ್ನು ಉಚಿತವಾಗಿ ಕೊಡುತ್ತದೆ. ಯೂಟ್ಯೂಬ್‌ನ ಜಾಹೀರಾತು ಇದರಿಂದ ನಿಲ್ಲುವುದಿಲ್ಲ. ನೀವು ಯಾವ ಯಾವ ತಾಣಕ್ಕೆ ಹೋಗುತ್ತೀರಿ ಎಂಬುದು ಆ ಸೇವೆಯವರಿಗೆ ತಿಳಿಯುತ್ತದೆ ಎಂಬುದೂ ಗಮನದಲ್ಲಿರಲಿ. ಆದರೆ ಏನೂ ಮುಟ್ಟದೆ ಇದ್ದಾಗಲೂ ಇಡೀ ಪರದೆ ತುಂಬಿ ಜಾಹೀರಾತು ಬರುತ್ತಿದ್ದರೆ ಅದು ಕಂಪನಿಯದಲ್ಲ. ಯಾವುದೋ ಟಾರ್ಚ್ ಆ್ಯಪ್, ಇಲ್ಲವೇ ‘ಫೋನ್ ಸ್ವಚ್ಛಗೊಳಿಸುವ’ ಆ್ಯಪ್ ಇರುತ್ತದೆ. ‘ಇತರ ಆ್ಯಪ್‌ಗಳ ಮೇಲೆ ಕಾಣಿಸಿಕೊಳ್ಳು’ ಎಂಬ ಅನುಮತಿ ಯಾರ್‍ಯಾರಿಗೆ ಇದೆ ಎಂದು ನೋಡಿ, ಕಳ್ಳ ಅಲ್ಲೇ ಸಿಗುತ್ತಾನೆ.

ಅಪ್‌ಡೇಟ್ ಮಾತ್ರ ನಿಜವಾದ ಚಿಂತೆ. ರೂಟ್ ಮಾಡಿದ ಮಾತ್ರಕ್ಕೆ ಭದ್ರತೆಯ ತೇಪೆಗಳು ಬರುವುದಿಲ್ಲ, ಬರುವ ಅಪ್‌ಡೇಟೂ ಎಷ್ಟೋ ಬಾರಿ ಕೈಕೊಡುತ್ತದೆ. ಗೆಳೆಯ ಬಹುಶಃ ಕಸ್ಟಮ್ ರಾಮ್ (ಕಂಪನಿಯದರ ಬದಲು ಹಾಕುವ, ಬೇರೆಯವರು ಮಾಡಿದ ಆಂಡ್ರಾಯ್ಡ್) ಬಗ್ಗೆ ಹೇಳುತ್ತಿರಬೇಕು, ಅದು ಬೇರೆ ವಿಷಯ. ಲಿನಿಯೇಜ್‌ಒಎಸ್‌ನಂಥ ಸ್ವತಂತ್ರ ಆವೃತ್ತಿಗಳನ್ನು ರೂಟ್ ಇಲ್ಲದೆಯೂ ಬಳಸಬಹುದು, ಹಳೆಯ ಫೋನ್‌ಗಳಿಗೆ ಅವು ಮರುಜನ್ಮ ಕೊಟ್ಟಿವೆ. ಆದರೆ ನಿಮ್ಮ ಮಾದರಿ ಅವರ ಪಟ್ಟಿಯಲ್ಲಿ ಇರಬೇಕು, ಬೂಟ್‌ಲೋಡರ್ ತೆರೆಯಲೇಬೇಕು, ಅಂದರೆ ಬ್ಯಾಂಕಿನ ಮುಂದೆ ಮತ್ತೆ ಅದೇ ಕಥೆ. ವ್ಯಾಪಾರದ ಹಣ ಬರುವ ಫೋನಿಗೆ ನನ್ನ ಸಲಹೆ ನೀರಸವಾದದ್ದು: ಕೈಗೂಡಿದಾಗ ಹೊಸ ಫೋನ್ ಕೊಡಿಸಿ. ಕೊಳ್ಳುವಾಗ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂದು ಕೇಳುವ ಮೊದಲು ಎಷ್ಟು ವರ್ಷ ಅಪ್‌ಡೇಟ್ ಎಂದು ಕೇಳಿ. 2023ರ ಪಿಕ್ಸೆಲ್ 8ರಿಂದ ಗೂಗಲ್, 2024ರ ಗ್ಯಾಲಕ್ಸಿ ಎಸ್24ರಿಂದ ಸ್ಯಾಮ್‌ಸಂಗ್ ಏಳು ವರ್ಷದ ಮಾತು ಕೊಡುತ್ತಿವೆ. ಅಷ್ಟು ಬೆಲೆಯದು ಬೇಡವೆಂದರೆ, ಕಡಿಮೆ ಬೆಲೆಯ ಗ್ಯಾಲಕ್ಸಿ ಎ16 5ಜಿಗೂ ಆರು ವರ್ಷದ ಮಾತಿದೆ. ಹೊಸ ಫೋನಿಗೆ ಯುಪಿಐ ಬದಲಿಸಿದ ಮೊದಲ 24 ಗಂಟೆ ಹಣ ಕಳಿಸುವ ಮಿತಿ ಕಡಿಮೆ ಇರುತ್ತದೆ, ನೂಲು ಖರೀದಿಯ ದಿನವೇ ಬದಲಿಸಬೇಡಿ.

ಮಾವನ ಮಗನ ಐಫೋನ್ ಎಕ್ಸ್ ಬಗ್ಗೆ. ಆ ಫೋನ್ ಒಂದು ವಿಚಿತ್ರ ಗಡಿಯಲ್ಲಿ ನಿಂತಿದೆ. 2019ರ ಸೆಪ್ಟೆಂಬರ್‌ನಲ್ಲಿ ಚೆಕ್‌ಮೇಟ್ ಎಂದು ಕರೆಯಲಾದ ಒಂದು ತೂತು ಬಯಲಿಗೆ ಬಂತು. ಅದು ಇರುವುದು ಎ5ರಿಂದ ಎ11ರವರೆಗಿನ ಚಿಪ್‌ಗಳಲ್ಲಿ, ತಯಾರಿಸುವಾಗಲೇ ಕೆತ್ತಿಬಿಟ್ಟ ಭಾಗದಲ್ಲಿ. ಹಾಗಾಗಿ ಯಾವ ಅಪ್‌ಡೇಟ್‌ನಿಂದಲೂ ಆ್ಯಪಲ್ ಅದನ್ನು ಮುಚ್ಚಲಾರದು. ಐಫೋನ್ ಎಕ್ಸ್‌ನಲ್ಲಿರುವುದು ಎ11, ಆ ಸಾಲಿನ ಕೊನೆಯದು. ಹೀಗಾಗಿ ಅವನು ಮಾಡಬಲ್ಲ. ಆದರೆ ಅದಕ್ಕೆ ಪಾಸ್‌ಕೋಡ್ ಬಿಡಬೇಕು, ಪಾಸ್‌ಕೋಡ್ ಹೋದರೆ ಫೇಸ್ ಐಡಿಯೂ ಹೋಯಿತು. ಫೋನ್ ಆಫ್ ಆಗಿ ಆನ್ ಆದಾಗಲೆಲ್ಲ ಮತ್ತೆ ಕಂಪ್ಯೂಟರ್‌ಗೆ ಜೋಡಿಸಿ ಮೊದಲಿನಿಂದ ಜೈಲ್‌ಬ್ರೇಕ್ ಮಾಡಬೇಕು. ಬೀಗವೇ ಇಲ್ಲದ ಫೋನನ್ನು ಕಿಸೆಯಲ್ಲಿಟ್ಟುಕೊಂಡು ಜಾತ್ರೆಗೆ ಹೋಗುವುದು ಅವನಿಗೆ ಒಪ್ಪಿಗೆಯೇ ಎಂದು ಕೇಳಿ. ಅದಕ್ಕಿಂತ ಹೊಸ ಐಫೋನ್‌ಗಳಿಗೆ ಬಹಿರಂಗವಾಗಿ ಸಿಗುವ ಜೈಲ್‌ಬ್ರೇಕ್ ಹೆಚ್ಚುಕಡಿಮೆ ನಿಂತೇ ಹೋಗಿದೆ.

ಜೈಲ್‌ಬ್ರೇಕ್ ಮಾಡಿದವರು ಪೆಟ್ಟು ತಿಂದದ್ದು ಹೊಸದೇನಲ್ಲ. 2009ರಲ್ಲಿ ಆಸ್ಟ್ರೇಲಿಯಾದಲ್ಲಿ ಹರಡಿದ ಹುಳುವೊಂದು (ಫೋನಿನಿಂದ ಫೋನಿಗೆ ತಾನಾಗಿ ಹರಡುವ ದುಷ್ಟ ತಂತ್ರಾಂಶ) ಜೈಲ್‌ಬ್ರೇಕ್ ಮಾಡಿದ ಐಫೋನ್‌ಗಳಿಗೆ ನುಗ್ಗಿದ್ದು ‘ಆಲ್ಪೈನ್’ ಎಂಬ ಮೂಲ ಪಾಸ್‌ವರ್ಡನ್ನು ಯಾರೂ ಬದಲಿಸಿರಲಿಲ್ಲ ಎಂಬ ಒಂದೇ ಕಾರಣಕ್ಕೆ. ಅದು ಗೋಡೆಚಿತ್ರ ಬದಲಿಸಿ ಸುಮ್ಮನಾಯಿತು. 2015ರ ಕೀರೈಡರ್ ಎಂಬ ದುಷ್ಟ ತಂತ್ರಾಂಶ ಸುಮ್ಮನಾಗಲಿಲ್ಲ, 2,25,000ಕ್ಕೂ ಹೆಚ್ಚು ಆ್ಯಪಲ್ ಖಾತೆಗಳನ್ನು ಕದ್ದಿತು. ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸುತ್ತೇನೆ. ಹಳೆಯ ಐಫೋನ್ ಕೊಂಡು ‘ಐಕ್ಲೌಡ್ ಲಾಕ್ ಆಗಿದೆ, ಜೈಲ್‌ಬ್ರೇಕ್ ಮಾಡಿ ತೆಗೆದುಕೊಡಿ’ ಎಂದು ಬರುವವರು ತಿಂಗಳಿಗೆ ಇಬ್ಬರಾದರೂ ಇರುತ್ತಾರೆ. ಜೈಲ್‌ಬ್ರೇಕ್‌ಗೂ ಅದಕ್ಕೂ ಸಂಬಂಧವಿಲ್ಲ. ಆ ಲಾಕ್ ಇದೆ ಎಂದರೆ ಫೋನಿನ ಹಿಂದಿನ ಒಡೆಯ ಇನ್ನೂ ಅದನ್ನು ಬಿಟ್ಟುಕೊಟ್ಟಿಲ್ಲ ಎಂದರ್ಥ.

ಕಾನೂನಿನ ಮಾತು ಚಿಕ್ಕದು. ನಿಮ್ಮ ಸ್ವಂತ ಫೋನನ್ನು ರೂಟ್ ಮಾಡುವುದನ್ನೇ ಹೆಸರಿಸಿ ಅಪರಾಧ ಎನ್ನುವ ಕಾನೂನು ನಮ್ಮಲ್ಲಿಲ್ಲ. ಅಮೆರಿಕದಲ್ಲಿ 2010ರಲ್ಲೇ ಜೈಲ್‌ಬ್ರೇಕ್‌ಗೆ ವಿನಾಯಿತಿ ಕೊಟ್ಟರು. ವಾರಂಟಿ ಹೋಗುತ್ತದೆ, ಆದರೆ ನಿಮ್ಮ ಫೋನಿಗೆ ಅದು ಎಂದೋ ಮುಗಿದಿದೆ. ಜೈಲು ಇರುವುದು ಬೇರೆ ಕಡೆ. ಐಎಂಇಐ ಸಂಖ್ಯೆಯನ್ನು ತಿದ್ದಿದರೆ 2023ರ ದೂರಸಂಪರ್ಕ ಕಾಯ್ದೆಯ ಪ್ರಕಾರ ಮೂರು ವರ್ಷದವರೆಗೆ ಸೆರೆ, 50 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ರೂಟ್ ಮಾಡಿದ ಹುಡುಗರು ಕುತೂಹಲಕ್ಕೆ ಅಲ್ಲಿಯವರೆಗೂ ಹೋಗುತ್ತಾರೆ, ಅದಕ್ಕೇ ಹೇಳುತ್ತಿದ್ದೇನೆ.

ಇಷ್ಟೆಲ್ಲ ಬೇಡ ಬೇಡ ಎಂದವನು ಈಗ ಹೇಳುವುದನ್ನು ಕೇಳಿ ನಗಬೇಡಿ. ಅವ್ವನಿಗೆ ಹೊಸ ಫೋನ್ ಬಂದ ದಿನ ಈ ಹಳೆಯದನ್ನು ನೀವು ಇಸಿದುಕೊಳ್ಳಿ, ರೂಟ್ ಮಾಡಿ. ನಾನು ಈ ಕಸುಬು ಕಲಿತದ್ದೇ ಹಾಗೆ. ಕಳೆದುಕೊಳ್ಳಲು ಏನೂ ಇಲ್ಲದ ಫೋನಿನಲ್ಲಿ ಮಾಡಿದ ತಪ್ಪು ಕಲಿಸುವಷ್ಟು ಯಾವ ಕೋರ್ಸೂ ಕಲಿಸುವುದಿಲ್ಲ. ಮೊದಲು ಸಿಮ್ ತೆಗೆಯಿರಿ. ಗೂಗಲ್ ಖಾತೆಯಿಂದ ಹೊರಬನ್ನಿ, ಇಲ್ಲದಿದ್ದರೆ ಅಳಿಸಿದ ಮೇಲೆ ಫೋನ್ ಅವ್ವನ ಪಾಸ್‌ವರ್ಡ್ ಕೇಳುತ್ತಾ ಕೂರುತ್ತದೆ. ನಿಮ್ಮ ಮಾದರಿಯ ಪೂರ್ತಿ ಹೆಸರನ್ನು ಪೆಟ್ಟಿಗೆಯ ಮೇಲಿಂದ ನೋಡಿ ಬರೆದುಕೊಳ್ಳಿ, ಅದೇ ಆವೃತ್ತಿಯ ಕಂಪನಿಯ ತಂತ್ರಾಂಶವನ್ನು ಮೊದಲೇ ಇಳಿಸಿಟ್ಟುಕೊಳ್ಳಿ, ತಿದ್ದದ ಮೂಲ ಬೂಟ್ ಕಡತವನ್ನು ಪ್ರತ್ಯೇಕ ಜಾಗದಲ್ಲಿಡಿ. ಬ್ಯಾಟರಿ ಅರ್ಧಕ್ಕಿಂತ ಹೆಚ್ಚಿರಲಿ. ಕೇಬಲ್ ಫೋನಿನ ಜೊತೆ ಬಂದದ್ದಾಗಿರಲಿ, ಸಂತೆಯಲ್ಲಿ ಕೊಂಡದ್ದಲ್ಲ. ಮತ್ತು ಡೆಸ್ಕ್‌ಟಾಪ್ ಬೇಡ, ಬ್ಯಾಟರಿ ಸರಿಯಿರುವ ಲ್ಯಾಪ್‌ಟಾಪ್ ಬೇಕು. ನಿಮ್ಮಲ್ಲಿ ಇಲ್ಲದಿದ್ದರೆ ಬಾಗಲಕೋಟೆಯ ಗೆಳೆಯನದನ್ನು ತರಿಸಿಕೊಳ್ಳಿ, ಜೊತೆಗೆ ಅವನನ್ನೂ ಕರೆಸಿಕೊಳ್ಳಿ. ರೂಟ್ ಮಾಡು ಎಂದವನು ಅವನೇ ತಾನೆ.